ಪತ್ತನಾಜೆಯ ಬಳಿಕದ ತರಗತಿ

ದೃಶ್ಯಕಲೆ ಮತ್ತು ಪ್ರದರ್ಶನ ಕಲೆಗಳನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸುವವರು ಯಾರಾಗಿರಬೇಕು ಎಂಬ ಪ್ರಶ್ನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಿಗೆ ಬಂದಾಗ ಹೆಚ್ಚು ತೀಕ್ಷ್ಣವಾಗುತ್ತದೆ. ಏಕೆಂದರೆ ಇಲ್ಲಿ ಕಲೆಯ ಕಲಿಕೆಗೆ ವಿಶ್ವವಿದ್ಯಾಲಯ ಹುಟ್ಟುವ ಬಹಳ ಮೊದಲೇ ತನ್ನದೇ ಆದ ಪಾಠದ ಕ್ರಮ, ತನ್ನದೇ ಆದ ಪರೀಕ್ಷೆ, ತನ್ನದೇ ಆದ ವರ್ಷದ ಲೆಕ್ಕ ಇದ್ದವು, ಅವು ಇಂದಿಗೂ ನಡೆದುಬರುತ್ತಿವೆ. ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಧರ್ಮಸ್ಥಳದ ಯಕ್ಷಗಾನ ಮೇಳವಾದರೋ ಅದಕ್ಕಿಂತ ಎಷ್ಟೋ ತಲೆಮಾರು ಹಿರಿದು. ಕೊಣಾಜೆಯಲ್ಲಿರುವ ಆ ವಿಶ್ವವಿದ್ಯಾಲಯದಲ್ಲಿ ಈಗ ಯಕ್ಷಗಾನ ಅಧ್ಯಯನ ಕೇಂದ್ರವಿದೆ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಯಕ್ಷಗಾನ ತಂಡವೂ ರಂಗತಂಡವೂ ಇವೆ, ಉಜಿರೆಯಲ್ಲಿ 1966ರಿಂದ ನಡೆದುಬಂದ ಕಾಲೇಜು ಧರ್ಮಸ್ಥಳದ ಮಗ್ಗುಲಲ್ಲೇ ಇದೆ. ಹೀಗೆ ಕಾಲೇಜೂ ಕಲೆಯೂ ಒಂದೇ ಬಸ್ಸಿನ ದಾರಿಯಲ್ಲಿರುವ ಈ ಪ್ರದೇಶದಲ್ಲಿ, ರಂಗದಲ್ಲಿ ಇನ್ನೂ ದುಡಿಯುತ್ತಿರುವ ಕಲಾವಿದರನ್ನು ವಿಶ್ವವಿದ್ಯಾಲಯ ಗುರುಗಳಾಗಿ ಬರಮಾಡಿಕೊಳ್ಳುವುದಾದರೆ ಆ ದುಡಿಮೆಯನ್ನು ನಿಲ್ಲಿಸದೆ ಬರಮಾಡಿಕೊಳ್ಳಬೇಕು, ಅದಕ್ಕಾಗಿ ಅರ್ಹತೆಯ ನಿಯಮವನ್ನು ಮಾತ್ರವಲ್ಲದೆ ತನ್ನ ವಾರ್ಷಿಕ ವೇಳಾಪಟ್ಟಿಯನ್ನೂ ತಿದ್ದಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಮೇಳಕ್ಕೆ ಒಂದು ಪಾಠದ ಕ್ರಮವಿದೆ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಊರೂರು ತಿರುಗಿ ಆಟ ಆಡುವ ವೃತ್ತಿತಂಡವೇ ಮೇಳ. ಯಕ್ಷಗಾನದ ದಕ್ಷಿಣದ ಸಂಪ್ರದಾಯವಾದ ತೆಂಕುತಿಟ್ಟಿನಲ್ಲಿ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ, ಅಂದರೆ ಕಥೆ ಆರಂಭವಾಗುವ ಮುನ್ನ ನಡೆಯುವ ಕುಣಿತಗಳ ಭಾಗದಲ್ಲಿ, ಕೋಡಂಗಿಯಾಗಿ ಹೆಜ್ಜೆ ಹಾಕುತ್ತಾನೆ. ಅದು ಕೂಡಿಬಂದರೆ ಬಾಲಗೋಪಾಲ, ಬಳಿಕ ಪೂರ್ವರಂಗದ ಸ್ತ್ರೀವೇಷ, ಬಳಿಕ ಪ್ರಸಂಗದೊಳಗಿನ ಚಿಲ್ಲರೆ ವೇಷಗಳು, ಮುಂದೆ ಅಭಿಮನ್ಯು, ಬಭ್ರುವಾಹನರಂಥ ತರುಣವೀರರ ಪುಂಡುವೇಷ, ಕೊನೆಗೆ ಮೈಯ ಕಟ್ಟು ಮತ್ತು ಕಂಠಕ್ಕೆ ತಕ್ಕಂತೆ ಕಿರೀಟವೇಷವೋ ಬಣ್ಣದ ವೇಷವೋ ಅವನ ಪಾಲಿಗೆ ಬರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಪರೀಕ್ಷಕರು ಭಾಗವತರು, ಅಂದರೆ ಹಾಡುತ್ತ ಆಟ ನಡೆಸುವವರು, ಮತ್ತು ಹಿರಿಯ ವೇಷಧಾರಿಗಳು. ಅಂಕಪಟ್ಟಿ ಇಲ್ಲ, ಮುಂದಿನ ತಿರುಗಾಟದಲ್ಲಿ ಮುಂದಿನ ವೇಷ ಸಿಕ್ಕಿತೇ ಇಲ್ಲವೇ ಎಂಬುದೇ ಫಲಿತಾಂಶ. ಈ ಏಣಿ ಇಷ್ಟು ಕಾಲ ಮುರಿಯದೆ ನಿಂತದ್ದಕ್ಕೆ ಕಾರಣವೊಂದಿದೆ. ಕಲಿಸುವವರು ಅದೇ ರಾತ್ರಿ ಅದೇ ರಂಗಸ್ಥಳದಲ್ಲಿ ತಾವೂ ಕುಣಿಯುತ್ತಿದ್ದರು, ಆದ್ದರಿಂದ ಅವರು ಹೇಳಿದ ತಿದ್ದುಪಡಿ ಸರಿಯೇ ತಪ್ಪೇ ಎಂಬುದು ಅರ್ಧ ಗಂಟೆಯೊಳಗೆ ಎಲ್ಲರ ಕಣ್ಣೆದುರಿಗೇ ತಿಳಿಯುತ್ತಿತ್ತು.

ಬಣ್ಣದ ವೇಷದ ಮುಖವರ್ಣಿಕೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ರಾಕ್ಷಸ ಪಾತ್ರಗಳ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿದ ಹಿಟ್ಟಿನಿಂದ ಮುಳ್ಳಿನಂತೆ ಎದ್ದುನಿಲ್ಲುವ ಚುಕ್ಕಿಗಳನ್ನು ಸಾಲುಸಾಲಾಗಿ ಇಡುವುದಕ್ಕೆ ಚುಟ್ಟಿ ಇಡುವುದು ಎನ್ನುತ್ತಾರೆ. ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚುವ ಚಪ್ಪರದಲ್ಲಿ, ಕಲಾವಿದರು ಕನ್ನಡಿ ಹಿಡಿದು ಗಂಟೆಗಟ್ಟಲೆ ಕೂತು ಇದನ್ನು ತಾವೇ ಮಾಡಿಕೊಳ್ಳುತ್ತಾರೆ. ಹಿಟ್ಟು ತೆಳುವಾದರೆ ಚುಕ್ಕಿ ಹರಿಯುತ್ತದೆ, ಗಟ್ಟಿಯಾದರೆ ಒಣಗಿದ ಮೇಲೆ ಉದುರುತ್ತದೆ. ಮುಖದ ಸ್ನಾಯು ಹೆಚ್ಚು ಅಲುಗುವ ಕೆನ್ನೆಯ ಭಾಗದಲ್ಲಿ ಸಾಲು ಹೇಗೆ ತಿರುಗಬೇಕು, ಅಟ್ಟಹಾಸದಲ್ಲಿ ಬಾಯಿ ತೆರೆದಾಗ ಯಾವ ಸಾಲು ಬಿರುಕುಬಿಡುತ್ತದೆ ಎಂಬುದನ್ನು ಕಾಗದದ ಮೇಲಿನ ನಕ್ಷೆ ತಿಳಿಸಲಾರದು. ಇದು ಚಿತ್ರಕಲೆಯೂ ಹೌದು, ಶಿಲ್ಪವೂ ಹೌದು, ಅಭಿನಯವೂ ಹೌದು. ದೃಶ್ಯಕಲಾ ವಿಭಾಗ ಒಂದು ಕಟ್ಟಡದಲ್ಲಿ, ಪ್ರದರ್ಶನ ಕಲಾ ವಿಭಾಗ ಇನ್ನೊಂದು ಕಟ್ಟಡದಲ್ಲಿ ಎಂಬ ವಿಶ್ವವಿದ್ಯಾಲಯದ ವಿಂಗಡಣೆ ಚೌಕಿಯೊಳಗೆ ಕಾಲಿಟ್ಟ ಕೂಡಲೇ ನಿಲ್ಲದಾಗುತ್ತದೆ. ಐದು ವರ್ಷದಿಂದ ಚುಟ್ಟಿ ಇಟ್ಟುಕೊಳ್ಳದವರು ಇದನ್ನು ವಿವರಿಸಬಲ್ಲರು; ವಿದ್ಯಾರ್ಥಿಯ ಕೈ ಎಲ್ಲಿ ತಪ್ಪಲಿದೆ ಎಂದು ತಪ್ಪುವ ಮೊದಲೇ ಕಂಡು ತಡೆಯಬಲ್ಲವರು ನಿನ್ನೆ ಮೊನ್ನೆ ತಾವೇ ಇಟ್ಟುಕೊಂಡವರು.

ಕರಾವಳಿಯ ಕಾಲೇಜುಗಳಿಗೆ ಕಲಾವಿದರೇನೂ ಅಪರಿಚಿತರಲ್ಲ. ವೇಷ ಮತ್ತು ಕುಣಿತಗಳಿಲ್ಲದೆ ಕುಳಿತಲ್ಲೇ ಹಾಡು ಮತ್ತು ಆಶುಮಾತಿನಿಂದ ಕಥೆ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಕಾಲೇಜು ಅಧ್ಯಾಪಕರ ದೊಡ್ಡ ಪರಂಪರೆಯೇ ಇದೆ. ಎಂ. ಪ್ರಭಾಕರ ಜೋಷಿ ಮಂಗಳೂರಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವರು. ಅಮೃತ ಸೋಮೇಶ್ವರ ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ಮೇಳಗಳಿಗೆ ಪ್ರಸಂಗ ಬರೆದುಕೊಟ್ಟವರು. ಇವರ ಸಾಧನೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಸಂಸ್ಥೆಯ ದೃಷ್ಟಿಯಿಂದ ನೋಡಿದರೆ ಇವರು ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದದ್ದು ಬೇರೊಂದು ವಿಷಯದ ಅಧ್ಯಾಪಕರಾಗಿ. ಅವರ ಕಲೆ ಸಂಜೆಯ ಮೇಲಿನ, ರಜೆಯ ದಿನದ, ಸ್ವಂತ ಆಸಕ್ತಿಯ ಸಂಗತಿಯಾಗಿಯೇ ಉಳಿಯಿತು. ಅರ್ಥಗಾರಿಕೆಯಲ್ಲಿ ಇದು ಹೇಗೋ ನಡೆದೀತು, ಏಕೆಂದರೆ ಅದಕ್ಕೆ ಬೇಕಾದ ಓದು, ತರ್ಕ, ಮಾತಿನ ಹಿಡಿತ ತರಗತಿಯಲ್ಲೂ ಬೆಳೆಯುತ್ತವೆ. ಹೆಜ್ಜೆ, ಮದ್ದಳೆ, ಚೆಂಡೆ, ಬಣ್ಣ ಇವುಗಳಲ್ಲಿ ಪಳಗಿದವರಿಗೆ ಮಾತ್ರ ಆ ಹಿಂಬಾಗಿಲೂ ಇರಲಿಲ್ಲ.

ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ. ವಿ. ಕಾರಂತರ ಬದುಕು ಈ ಚರ್ಚೆಗೆ ಅತ್ಯಂತ ಸಮೀಪದ ನಿದರ್ಶನ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಓದಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, 1977ರಿಂದ 1981ರವರೆಗೆ ಅದೇ ಶಾಲೆಯ ನಿರ್ದೇಶಕರಾದರು. ಅನಂತರ ಭೋಪಾಲದ ರಂಗಮಂಡಲ, 1989ರಿಂದ ಮೈಸೂರಿನ ರಂಗಾಯಣ ಎಂದು ಸಂಸ್ಥೆಯ ಮೇಲೆ ಸಂಸ್ಥೆಯನ್ನು ಕಟ್ಟಿದರು. ಆಡಳಿತದ ಕುರ್ಚಿಯಲ್ಲಿದ್ದ ಆ ವರ್ಷಗಳಲ್ಲೂ ಅವರು ನಾಟಕ ಆಡಿಸುವುದನ್ನು, ಸಂಗೀತ ಕಟ್ಟುವುದನ್ನು ಬಿಡಲಿಲ್ಲ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ 'ಬರ್ನಂ ವನ' ಎಂಬ ಹೆಸರಿನಿಂದ 1979ರಲ್ಲಿ ದೆಹಲಿಯಲ್ಲಿ ರಂಗಕ್ಕೆ ತಂದಾಗ ಯಕ್ಷಗಾನದ ಚಲನೆಯನ್ನು ಅದಕ್ಕೆ ಅಳವಡಿಸಿದರು. ಬಾಲ್ಯದ ಊರಿನಲ್ಲಿ ಕಂಡ ಕಲೆಯೊಂದು ದೇಶದ ಬೇರೆ ಬೇರೆ ಮೂಲೆಗಳಿಂದ ಬಂದ ನಟರ ಮೈಗೆ ಇಳಿದದ್ದು ಉಪನ್ಯಾಸದಿಂದಲ್ಲ, ನಿರ್ದೇಶಕರು ಅವರೊಂದಿಗೆ ಒಂದು ಪ್ರಯೋಗವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿದ್ದರಿಂದ. ಕಾರಂತರಿಗೆ ಪದವಿಯೂ ಇತ್ತು, ಆದ್ದರಿಂದ ಅವರಿಗೆ ಬಾಗಿಲು ತೆರೆಯುವುದು ಕಷ್ಟವಾಗಲಿಲ್ಲ. ಪದವಿ ಇಲ್ಲದವರ ಕಥೆ ಬೇರೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಂಗೀತ, ನೃತ್ಯ, ಚಿತ್ರ ಮತ್ತು ಶಿಲ್ಪ ವಿಷಯಗಳ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಎರಡು ದಾರಿಗಳನ್ನು ಇಟ್ಟಿದೆ. ಒಂದು ಸ್ನಾತಕೋತ್ತರ ಪದವಿ ಮತ್ತು ಅರ್ಹತಾ ಪರೀಕ್ಷೆಯ ದಾರಿ. ಇನ್ನೊಂದು ಸಾಧಕ ಕಲಾವಿದರ ದಾರಿ, ಅದರಲ್ಲಿ ಹೆಸರಾಂತ ಗುರುವಿನ ಬಳಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ 'ಎ' ದರ್ಜೆಯ ಕಲಾವಿದರಾಗಿರಬೇಕು, ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲವರಾಗಿರಬೇಕು, ಜೊತೆಗೆ ಸ್ನಾತಕ ಪದವಿಯೂ ಇರಬೇಕು. ಈ ಎರಡನೆಯ ದಾರಿ ಇರುವುದು ಒಳ್ಳೆಯದೇ. ಆದರೆ 'ಎ' ದರ್ಜೆಯ ಷರತ್ತು ಶಾಸ್ತ್ರೀಯ ಸಂಗೀತಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಬಣ್ಣದ ವೇಷದ ಬರವು, ಅಂದರೆ ರಂಗಪ್ರವೇಶದ ಅಬ್ಬರ, ಬಾನುಲಿಯ ಧ್ವನಿಪರೀಕ್ಷೆಯಲ್ಲಿ ಕೇಳಿಸುವಂಥದ್ದಲ್ಲ. ಸ್ನಾತಕ ಪದವಿಯ ಷರತ್ತಂತೂ ಇನ್ನೂ ಗಂಭೀರವಾದದ್ದು. ಗಂಗೂಬಾಯಿ ಹಾನಗಲ್ ಪ್ರಾಥಮಿಕ ಶಾಲೆಯಾಚೆಗೆ ಓದಿದವರಲ್ಲ. ಆದರೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು, ಮಲ್ಲಿಕಾರ್ಜುನ ಮನ್ಸೂರರನ್ನೂ ಸಂಗೀತ ವಿಭಾಗಕ್ಕೆ ಬರಮಾಡಿಕೊಂಡಿತು. ಇಂದು ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶನ ಕಲೆಗಳ ರಾಜ್ಯ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿಯವರ ಹೆಸರಿದೆ; ಅವರಂಥ ಓದಿನ ಹಿನ್ನೆಲೆಯ ಗಾಯಕಿಯೊಬ್ಬರು ಅಲ್ಲಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕಿದರೆ ಈ ನಿಯಮ ಅವರನ್ನು ಮೊದಲ ಸುತ್ತಿನಲ್ಲೇ ಹೊರಗಿಡುತ್ತದೆ. ನಿಯಮ ಬರೆದವರು ಇದನ್ನು ಕೂತು ಯೋಚಿಸಬೇಕಾದ ಸಂಗತಿ.

ಆಯೋಗ 2022ರಲ್ಲಿ ವೃತ್ತಿಪರಿಣತ ಪ್ರಾಧ್ಯಾಪಕರು ಎಂಬ ಹೊಸ ವರ್ಗವನ್ನೂ, 2023ರಲ್ಲಿ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಆವರಣದಲ್ಲೇ ಉಳಿಸಿಕೊಂಡು ಕಲಿಸುವ ಮಾರ್ಗಸೂಚಿಯನ್ನೂ ತಂದಿತು. ಮೊದಲನೆಯದರಲ್ಲಿ ಹದಿನೈದು ವರ್ಷಗಳ ಅನುಭವವಿದ್ದರೆ ಪದವಿ ಕಡ್ಡಾಯವಲ್ಲ. ಆದರೆ ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರುವಂತಿಲ್ಲ, ಒಬ್ಬರು ಒಂದು ಸಂಸ್ಥೆಯಲ್ಲಿ ಒಟ್ಟು ನಾಲ್ಕು ವರ್ಷ ದಾಟುವಂತಿಲ್ಲ. ಉದ್ಯಮದಿಂದ ಬಂದ ಇಂಜಿನಿಯರಿಗೆ ನಾಲ್ಕು ವರ್ಷ ಸಾಕಾದೀತು. ಕೋಡಂಗಿಯಿಂದ ಪುಂಡುವೇಷಕ್ಕೆ ಏರುವುದಕ್ಕೇ ಅದಕ್ಕಿಂತ ಹೆಚ್ಚು ತಿರುಗಾಟಗಳು ಹಿಡಿಯುವ ಕಲೆಯಲ್ಲಿ, ಮೊದಲ ತಂಡದ ವಿದ್ಯಾರ್ಥಿಗಳು ಇನ್ನೂ ಕಾಲೂರುವ ಹೊತ್ತಿಗೆ ಗುರುಗಳನ್ನು ಬೀಳ್ಕೊಡುವ ವ್ಯವಸ್ಥೆಯನ್ನು ಶಿಕ್ಷಣವೆಂದು ಕರೆಯುವುದು ಕಷ್ಟ.

ಪದವಿಯಿಲ್ಲದ ಗುರುವಿನ ವಿದ್ಯೆ ವಿಶ್ವವಿದ್ಯಾಲಯದ ಮಟ್ಟಕ್ಕೆ ನಿಲ್ಲುತ್ತದೆಯೇ ಎಂಬ ಸಂಶಯಕ್ಕೆ ಉಡುಪಿ ಸೀಮೆಯಲ್ಲೇ ಉತ್ತರ ದೊರೆತಿದೆ. ನೂರು ವರ್ಷ ದಾಟಿ ಬದುಕಿ 2020ರಲ್ಲಿ ತೀರಿಕೊಂಡ ಮದ್ದಳೆಗಾರ ಹಿರಿಯಡಕ ಗೋಪಾಲ ರಾಯರ ಬಳಿ ಅಮೆರಿಕದ ಮಾರ್ತಾ ಆಷ್ಟನ್ ಉತ್ತರದ ಸಂಪ್ರದಾಯವಾದ ಬಡಗುತಿಟ್ಟಿನ ಯಕ್ಷಗಾನ ಕಲಿತರು. ಆ ಕಲಿಕೆಯ ಬಲದ ಮೇಲೆ ಅಲ್ಲಿಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯವೂ 1960ರ ದಶಕದಲ್ಲೇ ಮೃದಂಗ ವಿದ್ವಾಂಸ ಟಿ. ರಂಗನಾಥನ್ ಮತ್ತು ನೃತ್ಯಗಾತಿ ಬಾಲಸರಸ್ವತಿಯವರಂಥ ಪರಂಪರೆಯ ಕಲಾವಿದರನ್ನು ನೇರವಾಗಿ ತರಗತಿಗೆ ಕರೆಸಿತು. ದೂರದ ವಿಶ್ವವಿದ್ಯಾಲಯಗಳಿಗೆ ಕಂಡದ್ದು ಹತ್ತಿರದವುಗಳಿಗೆ ಕಾಣದೆ ಹೋಗಬಾರದು.

ಎದುರುವಾದವನ್ನು ಅದರ ಪೂರ್ತಿ ಬಲದೊಂದಿಗೇ ಕೇಳಬೇಕು. ಒಳ್ಳೆಯ ವೇಷಧಾರಿಗಳೆಲ್ಲ ಒಳ್ಳೆಯ ಗುರುಗಳಲ್ಲ. ತಮ್ಮ ಮೈಗೆ ಸಹಜವಾಗಿ ಬಂದದ್ದನ್ನು ಬಿಡಿಸಿ ಹೇಳಲಾರದವರು, ತಮ್ಮ ಶೈಲಿಯ ನಕಲನ್ನೇ ಶಿಷ್ಯರಿಂದ ಬಯಸುವವರು, ಪ್ರಶ್ನೆ ಕೇಳಿದರೆ ಸಿಟ್ಟಾಗುವವರು ಎಲ್ಲ ಕಲೆಗಳಲ್ಲೂ ಇದ್ದಾರೆ. ಪದವಿಯ ಷರತ್ತು ಸ್ವಜನಪಕ್ಷಪಾತಕ್ಕೆ ಅಲ್ಪಸ್ವಲ್ಪವಾದರೂ ತಡೆ ಎಂಬುದೂ ನಿಜ. ಆದರೆ ಕಲಿಸುವ ಕಲೆಯನ್ನು ಅಳೆಯಲು ಪದವಿಗಿಂತ ನಂಬಲರ್ಹ ಅಳತೆಗೋಲು ಈ ಪ್ರದೇಶದಲ್ಲಿ ಈಗಾಗಲೇ ಇದೆ, ಅದು ಶಿಷ್ಯರು. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ, ಅದರ ಆಸುಪಾಸಿನ ವರ್ಷಗಳಲ್ಲೇ ಧರ್ಮಸ್ಥಳದಲ್ಲಿ ಆರಂಭವಾದ ಲಲಿತ ಕಲಾ ಕೇಂದ್ರ, ಇವು ಮೇಳದ ಕಲಿಕೆಯನ್ನು ದಿನಚರಿಯಿರುವ ತರಗತಿಗೆ ತಂದವು. ಧರ್ಮಸ್ಥಳದಲ್ಲಿ ಪಡ್ರೆ ಚಂದು ಅವರಂಥವರು ಹೆಜ್ಜೆ ಕಲಿಸಿದರು. ವಿಟ್ಲ ಪರಿಸರದಲ್ಲಿ ಮಾಂಬಾಡಿ ನಾರಾಯಣ ಭಾಗವತರು ಮತ್ತು ಅವರ ಮಗ ಸುಬ್ರಹ್ಮಣ್ಯ ಭಟ್ಟರು ಹಿಮ್ಮೇಳವನ್ನು, ಅಂದರೆ ಭಾಗವತಿಕೆ ಮತ್ತು ಚೆಂಡೆಮದ್ದಳೆಗಳನ್ನು, ಕಲಿಸಿದ ಶಿಷ್ಯರು ಇಂದು ಎಷ್ಟೋ ಮೇಳಗಳಲ್ಲಿದ್ದಾರೆ. ಆಯ್ಕೆ ಸಮಿತಿಯ ಮುಂದೆ ಗುರುಗಳು ಒಬ್ಬ ಹೊಸ ವಿದ್ಯಾರ್ಥಿಗೆ ಒಂದು ತಾಳದ ಪಾಠ ಹೇಳಿಕೊಡಲಿ, ಹಿಂದಿನ ಶಿಷ್ಯರಿಬ್ಬರು ಬಂದು ಆಡಿ ತೋರಿಸಲಿ. ಪ್ರಮಾಣಪತ್ರಗಳ ಕಟ್ಟಿಗಿಂತ ಅದರಿಂದ ತಿಳಿಯುವುದು ಹೆಚ್ಚು. ಪ್ರಸಂಗಸಾಹಿತ್ಯ, ಛಂದಸ್ಸು, ಚರಿತ್ರೆಗಳನ್ನು ಕಲಿಸಲು ಪಕ್ಕದಲ್ಲಿ ಕನ್ನಡ ವಿಭಾಗದ ವಿದ್ವಾಂಸರಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಇಬ್ಬರೂ ಒಂದೇ ತರಗತಿಯಲ್ಲಿ ಒಟ್ಟಿಗೆ ಕುಳಿತಾಗ, ಪದ್ಯದ ಗಣವಿನ್ಯಾಸ ತಾಳದ ಪೆಟ್ಟಿಗೆ ಹೇಗೆ ಕೂಡುತ್ತದೆ ಎಂಬಂಥ ಪ್ರಶ್ನೆಗಳು ಮೊದಲ ಬಾರಿಗೆ ನಿಜವಾದ ಉತ್ತರ ಕಾಣುತ್ತವೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಏಕಕಾಲಕ್ಕೆ ಹಾಡುವವರೂ ಪ್ರಸಂಗಕರ್ತರೂ ಆಗಿದ್ದರು. ಹಾಡುಗಾರಿಕೆಯ ಅನುಭವವೂ ಕಾವ್ಯದ ತಿಳಿವಳಿಕೆಯೂ ಒಬ್ಬರಲ್ಲೇ ಕೂಡಿದ್ದ ಅಂಥವರಿಂದ ಸುತ್ತಲಿನ ಪದವಿ ವಿದ್ಯಾರ್ಥಿಗಳು ಕ್ರಮವಾಗಿ ಕಲಿಯುವ ಏರ್ಪಾಡು ಇಲ್ಲದೆಹೋದದ್ದು ತುಂಬಲಾಗದ ನಷ್ಟ.

ವಿಶ್ವವಿದ್ಯಾಲಯದ ಪಾತ್ರ ಮೇಳವನ್ನು ಅನುಕರಿಸುವುದರಲ್ಲೇ ಮುಗಿಯುವುದಿಲ್ಲ. ಮೇಳದ ಏಣಿಗೆ ಹೆಣ್ಣುಮಕ್ಕಳು ಕಾಲಿಡುವುದು ಇಂದಿಗೂ ದುರ್ಲಭ. ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಲೀಲಾವತಿ ಬೈಪಾಡಿತ್ತಾಯರು ತಮ್ಮ ಕಾಲದ ಅಪವಾದವಾಗಿದ್ದರು. ಇಂದು ಈ ಮೂರು ತಾಲೂಕುಗಳ ಶಾಲೆ ಕಾಲೇಜುಗಳಲ್ಲಿ ಚೆಂಡೆ ಹಿಡಿಯುವ, ಪುಂಡುವೇಷ ಹಾಕುವ ಹುಡುಗಿಯರಿಗೆ ಉನ್ನತ ಮಟ್ಟದ ಕಲಿಕೆ ಸಿಗುವುದಾದರೆ ಅದು ಸಾರ್ವಜನಿಕ ಸಂಸ್ಥೆಯೊಳಗೇ ಸಿಗಬೇಕು, ಸಿಗುವಾಗ ಅದು ಮೇಳದ ಹುಡುಗನಿಗೆ ಸಿಗುವ ಗುರುಗಳಿಗಿಂತ ಕಡಿಮೆ ದರ್ಜೆಯವರಿಂದ ಸಿಗಬಾರದು.

ದೃಶ್ಯಕಲೆಯ ಕಡೆಗೆ ತಿರುಗಿದರೆ ಇದೇ ವಾದ ಬೇರೊಂದು ರೂಪದಲ್ಲಿ ನಿಲ್ಲುತ್ತದೆ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1940ರ ದಶಕದ ಮೊದಲ ಭಾಗದಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಆ ಕೆಲಸ ಬಿಟ್ಟು ಪೂರ್ಣಕಾಲದ ಚಿತ್ರಕಾರರಾದರು. ಕಲಿಸುವುದೋ ಚಿತ್ರಿಸುವುದೋ ಎಂಬ ಈ ಆಯ್ಕೆ ಎಲ್ಲೆಡೆಯೂ ಅನಿವಾರ್ಯವಾಗಿರಲಿಲ್ಲ. ಶಾಂತಿನಿಕೇತನದ ಕಲಾಭವನದಲ್ಲಿ ರಾಮಕಿಂಕರ ಬೈಜ್ 1938ರಲ್ಲಿ ಸಂತಾಲ ಕುಟುಂಬದ ಶಿಲ್ಪವನ್ನು ಆವರಣದ ಬಯಲಿನಲ್ಲೇ, ಸಿಮೆಂಟಿಗೆ ಮುರಕಲ್ಲಿನ ಹರಳು ಬೆರೆಸಿ ಕಟ್ಟಿದರು. ಬಿನೋದ್ ಬಿಹಾರಿ ಮುಖರ್ಜಿ 1947ರಲ್ಲಿ ಹಿಂದಿ ಭವನದ ಗೋಡೆಯ ಮೇಲೆ ಸಂತರ ಚಿತ್ರಮಾಲೆಯನ್ನು ವಿದ್ಯಾರ್ಥಿಗಳ ನೆರವಿನಿಂದಲೇ ಬರೆದರು. ಅಲ್ಲಿ ಗುರುಗಳ ಸ್ವಂತ ಕೃತಿಯೇ ತರಗತಿಯಾಗಿತ್ತು. ನೆಲ ಅಗೆದಲ್ಲೆಲ್ಲ ಮುರಕಲ್ಲು ಸಿಗುವ ಈ ಸೀಮೆಯಲ್ಲಿ ಅಂಥ ಶಾಲೆಗೆ ಬೇಕಾದದ್ದು ಯಾವುದೂ ಕೊರತೆಯಿಲ್ಲ. ಕಾರ್ಕಳದ 1432ರ ಬಾಹುಬಲಿ, ವೇಣೂರಿನ 1604ರ ಬಾಹುಬಲಿಗಳ ಪರಂಪರೆಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಧರ್ಮಸ್ಥಳಕ್ಕಾಗಿ ಕೆತ್ತಿದ 39 ಅಡಿಯ ಮೂರ್ತಿಯಿಂದ ಇಪ್ಪತ್ತನೆಯ ಶತಮಾನಕ್ಕೆ ತಂದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಿವೆ, ಅದೇ ಊರಿನಲ್ಲಿ ಕಾಪಾಡಿಕೊಂಡು ಬಂದ ಧವಳಾ ಎಂಬ ಜೈನ ಗ್ರಂಥದ ಹನ್ನೆರಡನೆಯ ಶತಮಾನದ ತಾಳೆಗರಿಗಳ ಚಿತ್ರಗಳಿವೆ. ಆಳ್ವಾಸ್ ಸಂಸ್ಥೆ ನಡೆಸುವ ವರ್ಣ ವಿರಾಸತ್, ಶಿಲ್ಪ ವಿರಾಸತ್ ಶಿಬಿರಗಳಲ್ಲಿ ನಾಡಿನ ಚಿತ್ರಕಾರರೂ ಶಿಲ್ಪಿಗಳೂ ಬಂದು ವಿದ್ಯಾರ್ಥಿಗಳ ಎದುರಿಗೇ ಕೆಲಸ ಮಾಡುತ್ತಾರೆ. ಶಿಬಿರ ಕೆಲವು ದಿನಗಳದ್ದು. ಒಂದು ಕಲ್ಲು ಅರ್ಧದಲ್ಲಿ ಸೀಳಿಬಿಟ್ಟಾಗ ಶಿಲ್ಪಿ ಏನು ಮಾಡುತ್ತಾರೆ ಎಂಬುದನ್ನು ಕಾಣಬೇಕಾದರೆ ವರ್ಷಗಟ್ಟಲೆ ಅವರ ಕೊಟ್ಟಿಗೆಯ ಬದಿಯಲ್ಲಿರಬೇಕು.

ಉಳಿದದ್ದು ವೇಳೆಯ ಪ್ರಶ್ನೆ, ಇದಕ್ಕೆ ಪರಿಹಾರ ಈ ನೆಲದಲ್ಲೇ ಸಿದ್ಧವಾಗಿದೆ. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಆರಂಭವಾಗಿ ಪತ್ತನಾಜೆಗೆ, ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಸುಮಾರು ಮೇ 24ಕ್ಕೆ ಮುಗಿಯುತ್ತದೆ. ಅಂದು ಗೆಜ್ಜೆ ಬಿಚ್ಚಿದ ಕಲಾವಿದರು ಮತ್ತೆ ಗೆಜ್ಜೆ ಕಟ್ಟುವುದು ಮಳೆಗಾಲ ಕಳೆದ ಮೇಲೆ. ಕಾಲೇಜಿನ ಮೊದಲ ಸೆಮಿಸ್ಟರ್ ನಡೆಯುವುದು ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಅಭ್ಯಾಸದ ತರಗತಿಗಳನ್ನೆಲ್ಲ ಮಳೆಗಾಲದ ಸೆಮಿಸ್ಟರಿಗೆ ತಂದು, ಚರಿತ್ರೆ, ಸಾಹಿತ್ಯ, ಸಿದ್ಧಾಂತಗಳನ್ನು ತಿರುಗಾಟದ ಅವಧಿಯ ಸೆಮಿಸ್ಟರಿಗೆ ಇಟ್ಟರೆ ಗುರುಗಳು ಮೇಳ ಬಿಡಬೇಕಾಗಿಲ್ಲ, ವಿಶ್ವವಿದ್ಯಾಲಯವೂ ರಾತ್ರಿಯಿಡೀ ನಿದ್ದೆಗೆಟ್ಟವರನ್ನು ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕಲು ಕರೆಯಬೇಕಾಗಿಲ್ಲ. ಆದರೆ ಕಲಾವಿದರಿಗೆ ಮಳೆಗಾಲ ಬಿಡುವಿನ ಕಾಲ ಎಂಬ ಎಣಿಕೆ ತಪ್ಪು. ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವುದು, ಮುಂಬಯಿ ಬೆಂಗಳೂರುಗಳಿಗೆ ಆಟಕ್ಕೆ ಹೋಗುವುದು, ತಾಳಮದ್ದಳೆಯ ಸಪ್ತಾಹಗಳಲ್ಲಿ ಭಾಗವಹಿಸುವುದು ಅವರ ಅನ್ನದ ದಾರಿ. ಈ ಸಂಪಾದನೆಯನ್ನು ಸರಿಗಟ್ಟುವ, ಗಂಟೆಯ ಲೆಕ್ಕದ ಅತಿಥಿ ಸಂಭಾವನೆಯಲ್ಲದ, ಆರು ತಿಂಗಳ ಪೂರ್ತಿ ವೇತನವನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಒಪ್ಪಂದದ ಮೇಲೆ ಕೊಟ್ಟರೆ ಮಾತ್ರ ಈ ಏರ್ಪಾಡು ನಿಲ್ಲುತ್ತದೆ.

ಪರೀಕ್ಷೆಯೂ ಇದನ್ನೇ ಅನುಸರಿಸಬೇಕಾಗುತ್ತದೆ. ಮುಚ್ಚಿದ ಕೋಣೆಯಲ್ಲಿ, ಧ್ವನಿಮುದ್ರಿತ ಪದ್ಯಕ್ಕೆ ಹತ್ತು ನಿಮಿಷ ಕುಣಿಸಿ ಅಂಕ ಕೊಡುವುದರಿಂದ ತಿಳಿಯುವುದು ಬಾಯಿಪಾಠದ ಮಟ್ಟ ಮಾತ್ರ. ಎದುರಿಗೆ ಕುಳಿತ ಭಾಗವತರು ಲಯವನ್ನು ಏರಿಸಿದಾಗ ವಿದ್ಯಾರ್ಥಿಯ ಕಾಲು ಅದನ್ನು ಹಿಡಿಯುತ್ತದೆಯೇ, ಮದ್ದಳೆಗಾರರು ಮುಕ್ತಾಯಕ್ಕೆ, ಅಂದರೆ ಪದ್ಯವನ್ನು ಕೂಡಿಸಿ ನಿಲ್ಲಿಸುವ ಪೆಟ್ಟಿಗೆ, ತಿರುಗುವ ಸೂಚನೆ ಅವಳಿಗೆ ಕೇಳಿಸುತ್ತದೆಯೇ ಎಂಬುದು ಅದರಿಂದ ತಿಳಿಯದು. ಎರಡನೆಯ ಸೆಮಿಸ್ಟರಿನಲ್ಲಿ ಗುರುಗಳು ಮೇಳದೊಂದಿಗೆ ತಿರುಗುತ್ತಿರುವಾಗ ಹತ್ತಿರದ ಊರುಗಳಲ್ಲಿ ಆಟವಿದ್ದ ರಾತ್ರಿ ವಿದ್ಯಾರ್ಥಿಗಳು ಚೌಕಿಗೆ ಹೋಗಿ ಬಣ್ಣ, ವೇಷಕಟ್ಟು, ರಂಗದ ನಡೆ ನೋಡಬೇಕು. ಅವಕಾಶವಿದ್ದಲ್ಲಿ ಪೂರ್ವರಂಗದಲ್ಲಿ ಕುಣಿಯಬೇಕು, ಇಲ್ಲದಿದ್ದಲ್ಲಿ ಕಾಲೇಜಿನ ತಂಡವೇ ಊರಿನ ಜನರೆದುರು ಪೂರ್ಣ ಪ್ರಸಂಗ ಆಡಬೇಕು, ಪರೀಕ್ಷಕರು ಅಲ್ಲಿ ಪ್ರೇಕ್ಷಕರ ನಡುವೆ ಕುಳಿತಿರಬೇಕು. ಹಲವು ಮೇಳಗಳು ಈಗ ಇಡೀ ರಾತ್ರಿಯ ಆಟದಿಂದ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟಕ್ಕೆ ಹೊರಳಿರುವುದರಿಂದ ಇದು ಮೊದಲಿಗಿಂತ ಸುಲಭವಾಗಿದೆ. ಹಾಸ್ಟೆಲಿನ ಬಾಗಿಲು ತೆರೆಯುವ ಸಮಯವನ್ನು ಬದಲಿಸುವುದು, ರಾತ್ರಿ ಹಿಂದಿರುಗಲು ಒಂದು ವಾಹನ ಕೊಡುವುದು, ಮರುದಿನದ ಮೊದಲ ತರಗತಿಯಿಂದ ಬಿಡುವು ಕೊಡುವುದು, ಇಷ್ಟನ್ನು ಪ್ರಾಂಶುಪಾಲರೊಬ್ಬರು ಯಾವ ಆಯೋಗದ ಅನುಮತಿಯೂ ಇಲ್ಲದೆ ಮುಂದಿನ ನವೆಂಬರಿನಿಂದಲೇ ಮಾಡಬಹುದು.